ಹಾರ್ಮೋನು ಔಷಧಿಗಳಿಂದಾಗುವ ಆಕಸ್ಮಿಕ ವಿಷಬಾಧೆ: ಪ್ರಥಮ ಚಿಕಿತ್ಸೆ ಮತ್ತು ನಂತರದ ದಿನಗಳ ನಿಗಾ

ವಿಷಬಾಧೆ ಎಂದೊಡನೆ ರೈತ ಬಾಂಧವರ ಮನಸ್ಸಿಗೆ ಮೊದಲು ಬರುವುದು ಕೀಟನಾಶಕ. ಅದರ ಬಗ್ಗೆ ಎಚ್ಚರಿಕೆ ಹೇಳುವವರು ಬಹಳ ಮಂದಿ ಇದ್ದಾರೆ, ಡಬ್ಬಿಯ ಮೇಲೆ ಬಣ್ಣದ ತ್ರಿಕೋನವೂ ಇರುತ್ತದೆ. ಆದರೆ ಇಂದಿನ ರೈತ ಕುಟುಂಬದ ಮನೆಯಲ್ಲಿ ಮತ್ತು ಕೊಟ್ಟಿಗೆಯಲ್ಲಿ ಇನ್ನೊಂದು ಗುಂಪಿನ ಪದಾರ್ಥಗಳು ಸದ್ದಿಲ್ಲದೆ ಸೇರಿಕೊಂಡಿವೆ. ಅಜ್ಜಿಯ ಥೈರಾಯಿಡ್ ಮಾತ್ರೆ, ಯಜಮಾನರ ಇನ್ಸುಲಿನ್, ಸೊಸೆಯ ಗರ್ಭನಿರೋಧಕ ಮಾತ್ರೆ, ಕೀಲುನೋವಿಗೆಂದು ತಂದ ಸ್ಟೀರಾಯ್ಡ್, ಹಸುವನ್ನು ಬೆದೆಗೆ ತರಲು ಬಳಸಿ ಉಳಿದ ಚುಚ್ಚುಮದ್ದಿನ ಸೀಸೆ ಇವೆಲ್ಲವೂ ಹಾರ್ಮೋನು ಔಷಧಿಗಳು. ಸರಿಯಾದ ಪ್ರಮಾಣದಲ್ಲಿ ಬಳಸಿದಾಗ ಇವು ಜೀವರಕ್ಷಕ. ಕೈತಪ್ಪಿದಾಗ ಇವುಗಳಿಂದಾಗುವ ಬಾಧೆ ಕೀಟನಾಶಕದ ಬಾಧೆಯಂತೆ ಕೂಡಲೇ ಕಣ್ಣಿಗೆ ಕಾಣಿಸುವುದಿಲ್ಲ.

ಈ ಲೇಖನದ ಮುಖ್ಯ ಸಂದೇಶ ಇಷ್ಟೇ: ಹಾರ್ಮೋನು ಔಷಧಿ ಆಕಸ್ಮಿಕವಾಗಿ ದೇಹ ಸೇರಿದಾಗ ಮೊದಲ ದಿನ ಏನೂ ಆಗಲಿಲ್ಲವೆಂದು ನೆಮ್ಮದಿಯಿಂದ ಇರಬಾರದು. ಕೆಲವು ಔಷಧಿಗಳ ಪರಿಣಾಮ ನಿಮಿಷಗಳಲ್ಲಿ, ಕೆಲವದರದ್ದು ಗಂಟೆಗಳಲ್ಲಿ, ಇನ್ನು ಕೆಲವದರದ್ದು ವಾರದ ನಂತರ ಗೋಚರಿಸುತ್ತದೆ. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಮರಳಿದ ನಂತರದ ನಿಗಾ ಪ್ರಥಮ ಚಿಕಿತ್ಸೆಯಷ್ಟೇ ಮಹತ್ವದ್ದು.

ಹಾರ್ಮೋನುಗಳ ಅಪಾಯ ಭಿನ್ನವೇಕೆ?

ಬೆಳೆಗಳಲ್ಲಿ ಸಸ್ಯ ಚೋದಕಗಳನ್ನು ಬಳಸಿದ ರೈತರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಮೆಣಸಿನಕಾಯಿಯಲ್ಲಿ ಹೂ ಉದುರುವುದನ್ನು ತಡೆಯಲು ಎನ್‌ಎಎ ಚೋದಕವನ್ನು 10ರಿಂದ 20 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿಗೆ 10ರಿಂದ 20 ಭಾಗದಷ್ಟು ಮಾತ್ರ ಬೆರೆಸುತ್ತೇವೆ. ಅದೇ ಚೋದಕ ಹತ್ತು ಪಟ್ಟು ಹೆಚ್ಚಾದರೆ ಗಿಡದ ಎಲೆ ಮುರುಟುತ್ತದೆ, ಹೂ ನಿಲ್ಲುವ ಬದಲು ಉದುರುತ್ತದೆ. ಗೊಬ್ಬರವು ಗಿಡಕ್ಕೆ ಆಹಾರ. ಹಾರ್ಮೋನಾದರೋ ಗಿಡಕ್ಕೆ ನೀಡುವ ಆಜ್ಞೆ. ಆಹಾರ ಸ್ವಲ್ಪ ಹೆಚ್ಚಾದರೆ ಸಹಿಸಬಹುದು. ಆಜ್ಞೆ ತಪ್ಪಾದರೆ ಇಡೀ ವ್ಯವಸ್ಥೆ ದಾರಿ ತಪ್ಪುತ್ತದೆ.

ಮನುಷ್ಯ ಮತ್ತು ಪ್ರಾಣಿಗಳ ಹಾರ್ಮೋನುಗಳೂ ಹೀಗೆಯೇ. ಥೈರಾಯಿಡ್ ಮಾತ್ರೆಯೊಂದರಲ್ಲಿರುವ ಔಷಧಿ ಸಾಮಾನ್ಯವಾಗಿ 25ರಿಂದ 150 ಮೈಕ್ರೋಗ್ರಾಂ ಮಾತ್ರ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಮಿಲಿಗ್ರಾಂನ ಸಾವಿರದಲ್ಲಿ ಒಂದು ಭಾಗ. ಇಷ್ಟು ಸೂಕ್ಷ್ಮ ಪ್ರಮಾಣವೇ ದೇಹದ ಉಷ್ಣತೆ, ಹೃದಯದ ಬಡಿತ ಮತ್ತು ಜೀರ್ಣಕ್ರಿಯೆಯನ್ನು ಆಳುತ್ತದೆ. ಎರಡನೆಯ ಭಿನ್ನತೆ ಕಾಲಕ್ಕೆ ಸಂಬಂಧಿಸಿದ್ದು. ಹಾರ್ಮೋನು ರಕ್ತದಲ್ಲಿ ಸೇರಿ, ಅಂಗಗಳ ಜೀವಕೋಶಗಳಿಗೆ ಆಜ್ಞೆ ತಲುಪಿಸಿ, ಅವು ತಮ್ಮ ಕೆಲಸವನ್ನು ಬದಲಿಸಿಕೊಳ್ಳುವವರೆಗೆ ಹೊರಗೆ ಯಾವ ಲಕ್ಷಣವೂ ಕಾಣದಿರಬಹುದು. ಮೂರನೆಯದಾಗಿ, ಹೊರಗಿನಿಂದ ಹಾರ್ಮೋನು ಬಹುಕಾಲ ದೊರೆತರೆ ದೇಹ ತನ್ನದೇ ಉತ್ಪಾದನೆಯನ್ನು ಕಡಿಮೆ ಮಾಡುತ್ತದೆ. ಆಗ ಔಷಧಿಯನ್ನು ಹಠಾತ್ತನೆ ನಿಲ್ಲಿಸುವುದೇ ಅಪಾಯಕ್ಕೆ ಕಾರಣವಾಗುತ್ತದೆ.

ಮನೆಯಲ್ಲಿರುವ ಹಾರ್ಮೋನು ಔಷಧಿಗಳು

1. ಥೈರಾಯಿಡ್ ಮಾತ್ರೆಗಳು

ಥೈರಾಕ್ಸಿನ್ ಮಾತ್ರೆಗಳು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಸೇವಿಸುವಂಥವು. ಆದ್ದರಿಂದ ಬಹುತೇಕ ಮನೆಗಳಲ್ಲಿ ಸೀಸೆಯು ಹಾಸಿಗೆಯ ಪಕ್ಕದಲ್ಲಿ ಅಥವಾ ಅಡುಗೆಮನೆಯ ಗೂಡಿನಲ್ಲಿ ಮಕ್ಕಳ ಕೈಗೆಟುಕುವಂತೆ ಇರುತ್ತದೆ. ಮಾತ್ರೆ ಚಿಕ್ಕದು, ಕಹಿಯಿಲ್ಲ. ಅನೇಕ ಕಂಪನಿಗಳ ಒಂದು ಸೀಸೆಯಲ್ಲಿ 100 ಮಾತ್ರೆಗಳಿರುತ್ತವೆ.

ಮೂರು ವರ್ಷದ ಮಗುವೊಂದು ಸೀಸೆಯಿಂದ ಹತ್ತು ಹನ್ನೆರಡು ಮಾತ್ರೆ ನುಂಗಿತೆಂದು ಭಾವಿಸೋಣ. ಅಂದು ಮಗು ಆಡಿಕೊಂಡಿರುತ್ತದೆ, ಊಟ ಮಾಡುತ್ತದೆ, ನಿದ್ರಿಸುತ್ತದೆ. ಮನೆಯವರು ವಿಷಯವನ್ನು ಮರೆಯುತ್ತಾರೆ. ನಾಲ್ಕನೆಯ ಅಥವಾ ಆರನೆಯ ದಿನ ಜ್ವರ, ಎದೆಬಡಿತದ ಹೆಚ್ಚಳ, ಬೆವರು, ಭೇದಿ, ನಿದ್ರೆಯಿಲ್ಲದ ಕಿರಿಕಿರಿ ಆರಂಭವಾಗಬಹುದು. ಆಗ ಯಾರೂ ಅದನ್ನು ಮಾತ್ರೆಗೆ ಜೋಡಿಸುವುದಿಲ್ಲ, ಸಾಮಾನ್ಯ ಜ್ವರವೆಂದು ಔಷಧಿ ಕೊಡಿಸುತ್ತಾರೆ. ಕಾರಣ ಸ್ಪಷ್ಟ. ಥೈರಾಕ್ಸಿನ್ ದೇಹದಲ್ಲಿ ಸಂಗ್ರಹ ರೂಪದ ಹಾರ್ಮೋನು. ದೇಹ ಅದನ್ನು ನಿಧಾನವಾಗಿ ಹೆಚ್ಚು ಪ್ರಬಲವಾದ ಇನ್ನೊಂದು ರೂಪಕ್ಕೆ ಪರಿವರ್ತಿಸಿಕೊಳ್ಳುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು.

ಬಹುಪಾಲು ಮಕ್ಕಳಲ್ಲಿ ಈ ಬಾಧೆ ಸೌಮ್ಯವಾಗಿಯೇ ಕಳೆಯುತ್ತದೆ. ಆದರೂ ನುಂಗಿದ ದಿನವೇ ವೈದ್ಯರಿಗೆ ತೋರಿಸಿ, ನಂತರ ಕನಿಷ್ಠ ಹತ್ತು ದಿನ ಮಗುವಿನ ಮೇಲೆ ಕಣ್ಣಿಡಬೇಕು. ಹೃದಯ ಕಾಯಿಲೆಯಿರುವ ಹಿರಿಯರು ತಪ್ಪಿ ಹೆಚ್ಚು ಮಾತ್ರೆ ಸೇವಿಸಿದ್ದರೆ ಅಪಾಯ ಹೆಚ್ಚು.

2. ಇನ್ಸುಲಿನ್ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳು

ಈ ಗುಂಪಿನಲ್ಲಿ ಅತ್ಯಂತ ತುರ್ತಾಗಿ ಗಮನಿಸಬೇಕಾದದ್ದು ಇನ್ಸುಲಿನ್. ನಮ್ಮ ದೇಶದಲ್ಲಿ ಇನ್ಸುಲಿನ್ ಸಾಮಾನ್ಯವಾಗಿ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ: ಒಂದು ಮಿ.ಲೀ.ನಲ್ಲಿ 40 ಯೂನಿಟ್ ಇರುವುದು ಮತ್ತು 100 ಯೂನಿಟ್ ಇರುವುದು. ಎರಡಕ್ಕೂ ಬೇರೆ ಬೇರೆ ಸಿರಿಂಜುಗಳಿವೆ. 40 ಯೂನಿಟ್ ಸಿರಿಂಜಿನ ಮುಚ್ಚಳ ಸಾಮಾನ್ಯವಾಗಿ ಕೆಂಪು, 100 ಯೂನಿಟ್ ಸಿರಿಂಜಿನದು ಕಿತ್ತಳೆ ಬಣ್ಣ. 100 ಯೂನಿಟ್ ಸಾಂದ್ರತೆಯ ಇನ್ಸುಲಿನ್ ಅನ್ನು 40 ಯೂನಿಟ್ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 20 ಯೂನಿಟ್ ಅಲ್ಲ, 50 ಯೂನಿಟ್. ಅಂದರೆ ಎರಡೂವರೆ ಪಟ್ಟು. ಅಂಗಡಿಯಲ್ಲಿ ಸಿಕ್ಕ ಸಿರಿಂಜನ್ನು ತಂದು ಬಳಸುವುದು ಪ್ರಾಣಕ್ಕೇ ಸಂಚಕಾರ ತರಬಹುದು. ಸೀಸೆಯ ಮೇಲಿನ ಸಂಖ್ಯೆ ಮತ್ತು ಸಿರಿಂಜಿನ ಮೇಲಿನ ಸಂಖ್ಯೆ ಒಂದೇ ಆಗಿರಬೇಕು.

ರಕ್ತದ ಸಕ್ಕರೆ ಇಳಿದಾಗ ಬೆವರು, ನಡುಕ, ಹಸಿವು, ಎದೆಬಡಿತ, ಮಂಕು, ತೊದಲು ಮಾತು, ಕೊನೆಗೆ ಸೆಳವು ಮತ್ತು ಪ್ರಜ್ಞಾಹೀನತೆ ಉಂಟಾಗುತ್ತವೆ. ಇಲ್ಲಿ ರೈತರು ಗಮನಿಸಬೇಕಾದ ಅಂಶವೊಂದಿದೆ. ಇನ್ಸುಲಿನ್ ಪಡೆಯುವ ರೈತರು ಬೆಳಗಿನ ಉಪಾಹಾರ ತಡಮಾಡಿ, ಬಿಸಿಲಿನಲ್ಲಿ ಬೆನ್ನಿಗೆ ಪಂಪು ಹೊತ್ತು ಔಷಧಿ ಸಿಂಪಡಿಸುವಾಗ ಕುಸಿದುಬಿದ್ದರೆ, ನೋಡಿದವರು ಅದನ್ನು ಕೀಟನಾಶಕದ ವಿಷಬಾಧೆಯೆಂದೇ ತಿಳಿಯುತ್ತಾರೆ. ಬೆವರು, ನಡುಕ, ಮಂಕು ಎರಡರಲ್ಲಿಯೂ ಇರುತ್ತವೆ. ಆದ್ದರಿಂದ ಆಸ್ಪತ್ರೆಗೆ ಒಯ್ದಾಗ ಎರಡು ಸಂಗತಿಗಳನ್ನೂ ವೈದ್ಯರಿಗೆ ಹೇಳಬೇಕು: ಯಾವ ಕೀಟನಾಶಕ ಸಿಂಪಡಿಸುತ್ತಿದ್ದರು ಎಂಬುದು, ಮತ್ತು ಸಕ್ಕರೆ ಕಾಯಿಲೆಗೆ ಯಾವ ಔಷಧಿ ಪಡೆಯುತ್ತಿದ್ದರು ಎಂಬುದು. ರಕ್ತದ ಸಕ್ಕರೆಯ ಪರೀಕ್ಷೆ ಒಂದು ನಿಮಿಷದಲ್ಲಿ ಸಂದೇಹ ನಿವಾರಿಸುತ್ತದೆ.

ರೋಗಿಗೆ ಪ್ರಜ್ಞೆಯಿದ್ದು ನುಂಗಬಲ್ಲರಾದರೆ ಮೂರು ನಾಲ್ಕು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ಹದಿನೈದು ನಿಮಿಷಗಳಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಿ. ಚೇತರಿಸಿದ ನಂತರ ಊಟ ಕೊಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು.

ಸಕ್ಕರೆ ನೀರು ಕುಡಿದು ಎದ್ದು ಕುಳಿತರೆಂಬ ಮಾತ್ರಕ್ಕೆ ಅಪಾಯ ಕಳೆಯಿತೆಂದಲ್ಲ. ದೀರ್ಘಾವಧಿ ಇನ್ಸುಲಿನ್ ದಿನಪೂರ್ತಿ ಕೆಲಸ ಮಾಡುತ್ತದೆ. ಪ್ರಮಾಣ ಬಹಳ ಹೆಚ್ಚಾಗಿದ್ದರೆ ಸಕ್ಕರೆ ಎರಡು ಮೂರು ದಿನಗಳವರೆಗೂ ಮತ್ತೆ ಮತ್ತೆ ಕುಸಿಯಬಹುದು. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂತಹ ಮಾತ್ರೆಗಳು ಸ್ವತಃ ಹಾರ್ಮೋನು ಅಲ್ಲ, ಆದರೆ ದೇಹದಿಂದ ಇನ್ಸುಲಿನ್ ಹೆಚ್ಚು ಸ್ರವಿಸುವಂತೆ ಮಾಡುತ್ತವೆ. ಪುಟ್ಟ ಮಗು ಇಂತಹ ಒಂದೇ ಮಾತ್ರೆ ನುಂಗಿದರೂ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಅದೂ ಹಲವು ಗಂಟೆಗಳ ನಂತರ. ಆದ್ದರಿಂದ ಇಂತಹ ಮಗುವನ್ನು ಆಸ್ಪತ್ರೆಯಲ್ಲಿ ರಾತ್ರಿಯಿಡೀ ಇರಿಸಿಕೊಳ್ಳುತ್ತೇವೆಂದು ವೈದ್ಯರು ಹೇಳಿದರೆ ಮನೆಗೆ ಕಳುಹಿಸಿರೆಂದು ಒತ್ತಾಯಿಸಬೇಡಿ.

3. ಗರ್ಭನಿರೋಧಕ ಮಾತ್ರೆಗಳು

ಮಗು ಗರ್ಭನಿರೋಧಕ ಮಾತ್ರೆಗಳನ್ನು ನುಂಗಿದರೆ ಸಾಮಾನ್ಯವಾಗಿ ವಾಕರಿಕೆ ಮತ್ತು ವಾಂತಿಯಾಗುತ್ತದೆ. ಹೆಣ್ಣುಮಕ್ಕಳಲ್ಲಿ ಕೆಲವು ದಿನಗಳ ನಂತರ ಅಲ್ಪ ರಕ್ತಸ್ರಾವ ಕಾಣಿಸಬಹುದು. ಇದು ತಾನಾಗಿ ನಿಲ್ಲುವಂಥದ್ದು. ಭಯಪಡಬೇಕಿಲ್ಲ, ಆದರೆ ವೈದ್ಯರಿಗೆ ತಿಳಿಸಬೇಕು.

ಇಲ್ಲಿ ನಿಜವಾದ ಎಚ್ಚರ ಬೇಕಾಗಿರುವುದು ಕಬ್ಬಿಣದ ಮಾತ್ರೆಗಳ ವಿಷಯದಲ್ಲಿ. ಸರ್ಕಾರ ಉಚಿತವಾಗಿ ನೀಡುವ ಮಾಲಾ-ಎನ್ ಹಾಳೆಯ 28 ಮಾತ್ರೆಗಳಲ್ಲಿ 21 ಹಾರ್ಮೋನಿನವು, ಉಳಿದ 7 ಕಬ್ಬಿಣಾಂಶದವು. ಆ ಏಳರಲ್ಲಿ ಕಬ್ಬಿಣ ಕಡಿಮೆ. ಆದರೆ ಅದೇ ಗೂಡಿನಲ್ಲಿ ಗರ್ಭಿಣಿಯರಿಗೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಕೆಂಪು ಮಾತ್ರೆಗಳೂ ಇರುತ್ತವೆ. ಇವು ಒಂದೊಂದರಲ್ಲಿಯೂ 60 ಮಿ.ಗ್ರಾಂ ಕಬ್ಬಿಣವಿದೆ. 10 ಕೆ.ಜಿ. ತೂಕದ ಮಗು ಇಂತಹ ಹತ್ತು ಮಾತ್ರೆಗಳನ್ನು ಮಿಠಾಯಿಯೆಂದು ತಿಂದರೆ ದೇಹದ ತೂಕದ ಪ್ರತಿ ಕೆ.ಜಿ.ಗೆ 60 ಮಿ.ಗ್ರಾಂ ಕಬ್ಬಿಣ ಸೇರಿದಂತಾಗುತ್ತದೆ. ಇದು ಪ್ರಾಣಾಪಾಯದ ಮಟ್ಟ. ಮೊದಲ ಆರು ಗಂಟೆಗಳಲ್ಲಿ ವಾಂತಿ, ಭೇದಿ, ಕೆಲವೊಮ್ಮೆ ರಕ್ತ ಕಾಣಿಸುತ್ತದೆ. ನಂತರ ಮಗು ಚೇತರಿಸಿಕೊಂಡಂತೆ ತೋರುತ್ತದೆ. ಈ ಚೇತರಿಕೆ ಮೋಸದ್ದು. ಒಂದೆರಡು ದಿನಗಳಲ್ಲಿ ಯಕೃತ್ತು ಹಾಳಾಗಬಹುದು. ವಾಂತಿ ನಿಂತಿತೆಂದು ಆಸ್ಪತ್ರೆಯ ದಾರಿಯಿಂದ ಹಿಂದಿರುಗಬೇಡಿ.

4. ಸ್ಟೀರಾಯ್ಡ್ ಔಷಧಿಗಳು

ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಮುಂತಾದವು ಉಬ್ಬಸ, ಚರ್ಮರೋಗ, ಕೀಲುರೋಗಗಳಿಗೆ ವೈದ್ಯರು ನೀಡುವ ಹಾರ್ಮೋನು ಔಷಧಿಗಳು. ಒಮ್ಮೆ ತಪ್ಪಿ ಒಂದೆರಡು ಮಾತ್ರೆ ಹೆಚ್ಚು ನುಂಗಿದರೆ ಸಾಮಾನ್ಯವಾಗಿ ದೊಡ್ಡ ತೊಂದರೆಯಾಗುವುದಿಲ್ಲ. ಇವುಗಳ ವಿಷಬಾಧೆ ನಿಧಾನಗತಿಯದು. ಚೀಟಿಯಿಲ್ಲದೆ ತಿಂಗಳುಗಟ್ಟಲೆ ಸೇವಿಸುವುದರಿಂದ, ಅಥವಾ ಏನಿದೆಯೆಂದು ತಿಳಿಯದ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದರಿಂದ ಮುಖ ಊದಿಕೊಳ್ಳುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ, ಮೂಳೆ ಸವೆಯುತ್ತದೆ, ಗಾಯ ಮಾಯುವುದಿಲ್ಲ.

ಇದು ತಿಳಿದೊಡನೆ ಪುಡಿಯನ್ನು ಎಸೆದು ಸುಮ್ಮನಾಗುವುದು ಇನ್ನೊಂದು ಅಪಾಯ. ಮೂರು ವಾರಗಳಿಗಿಂತ ಹೆಚ್ಚು ಕಾಲ ಸ್ಟೀರಾಯ್ಡ್ ಪಡೆದ ದೇಹದಲ್ಲಿ ಮೂತ್ರಪಿಂಡದ ಮೇಲಿರುವ ಗ್ರಂಥಿಗಳು ತಮ್ಮ ಕೆಲಸ ಮರೆತಿರುತ್ತವೆ. ಹಠಾತ್ತನೆ ನಿಲ್ಲಿಸಿದರೆ ತೀವ್ರ ನಿಶ್ಶಕ್ತಿ, ವಾಂತಿ, ಹೊಟ್ಟೆನೋವು, ರಕ್ತದೊತ್ತಡದ ಕುಸಿತ ಉಂಟಾಗಿ ಜೀವಕ್ಕೇ ಕುತ್ತು ಬರಬಹುದು. ಇಂತಹ ಪುಡಿ ಸೇವಿಸುತ್ತಿದ್ದವರು ಅದರ ಪೊಟ್ಟಣದೊಂದಿಗೆ ವೈದ್ಯರನ್ನು ಕಂಡು, ಅವರ ನಿಗಾದಲ್ಲಿ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು.

ಕೊಟ್ಟಿಗೆಯಲ್ಲಿರುವ ಹಾರ್ಮೋನು ಔಷಧಿಗಳು

1. ಬೆದೆಗೆ ತರುವ ಚುಚ್ಚುಮದ್ದುಗಳು

ಹಸು ಎಮ್ಮೆಗಳನ್ನು ಬೆದೆಗೆ ತರಲು ಪಶುವೈದ್ಯರು ಕ್ಲೋಪ್ರೊಸ್ಟಿನಾಲ್ ಎಂಬ ಔಷಧಿಯನ್ನು ಬಳಸುತ್ತಾರೆ. ಒಂದು ಹಸುವಿಗೆ ಬೇಕಾಗುವುದು 500 ಮೈಕ್ರೋಗ್ರಾಂ ಮಾತ್ರ. ಈ ಔಷಧಿ ಚರ್ಮದ ಮೂಲಕ ಸುಲಭವಾಗಿ ದೇಹ ಸೇರುತ್ತದೆ. ಗರ್ಭಿಣಿಯ ಕೈಮೇಲೆ ಚೆಲ್ಲಿದರೆ ಅಥವಾ ಸೂಜಿ ಚುಚ್ಚಿದರೆ ಗರ್ಭಪಾತವಾಗುವ ಸಂಭವವಿದೆ. ಉಬ್ಬಸವಿರುವವರಲ್ಲಿ ಶ್ವಾಸನಾಳ ಬಿಗಿದು ಉಸಿರಾಟಕ್ಕೆ ತೊಂದರೆಯಾಗಬಹುದು. ಹೈನುಗಾರಿಕೆಯ ಬಹುಪಾಲು ಕೆಲಸವನ್ನು ನಿರ್ವಹಿಸುವವರು ಮಹಿಳೆಯರು. ಚುಚ್ಚುಮದ್ದು ಕೊಡುವಾಗ ಹಸುವಿನ ಹಗ್ಗ ಹಿಡಿದು ನಿಲ್ಲುವವರೂ ಅನೇಕ ವೇಳೆ ಅವರೇ. ಆದ್ದರಿಂದ ಗರ್ಭಿಣಿಯರು, ಗರ್ಭ ಧರಿಸುವ ನಿರೀಕ್ಷೆಯಲ್ಲಿರುವವರು ಮತ್ತು ಉಬ್ಬಸ ರೋಗಿಗಳು ಈ ಔಷಧಿಯನ್ನು ಮುಟ್ಟಬಾರದು. ಚುಚ್ಚುಮದ್ದಿನ ವೇಳೆ ಹಸುವನ್ನು ಬೇರೊಬ್ಬರು ಹಿಡಿಯಲಿ.

ಚರ್ಮಕ್ಕೆ ತಗುಲಿದರೆ ತಡಮಾಡದೆ ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆಯಿರಿ. ಗರ್ಭಿಣಿಗೆ ತಗುಲಿದ್ದರೆ ಅದೇ ದಿನ ಸ್ತ್ರೀರೋಗ ವೈದ್ಯರನ್ನು ಕಂಡು ಔಷಧಿಯ ಹೆಸರು ತಿಳಿಸಿ. ನಂತರದ ದಿನಗಳಲ್ಲಿ ಹೊಟ್ಟೆನೋವು, ಸೊಂಟನೋವು, ರಕ್ತಸ್ರಾವ ಕಂಡರೆ ಕೂಡಲೇ ಮತ್ತೆ ಆಸ್ಪತ್ರೆಗೆ ಹೋಗಬೇಕು.

ಇದೇ ಔಷಧಿ ತಪ್ಪಿ ಗಬ್ಬದ ಹಸುವಿಗೆ ಬಿದ್ದರೂ ಅನಾಹುತವೇ. ಗಬ್ಬದ ಮೊದಲ ಐದು ತಿಂಗಳಲ್ಲಿ ಇದು ಕಂದು ಹಾಕಿಸುತ್ತದೆ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಡೆಕ್ಸಾಮೆಥಾಸೋನ್ ಕೊಟ್ಟರೆ ಅಕಾಲದಲ್ಲಿ ಕರು ಹಾಕುವ, ಮಾಸು ಬೀಳದೆ ಉಳಿಯುವ ಸಂಭವವಿದೆ. ಗಬ್ಬ ಪರೀಕ್ಷೆಯಿಲ್ಲದೆ ಹಾರ್ಮೋನು ಚುಚ್ಚುಮದ್ದು ಹಾಕಿಸಬೇಡಿ. ಕಂದು ಹಾಕಿದ ಹಸುವಿನ ಮಾಸು, ಜ್ವರ, ಗರ್ಭಕೋಶದ ಸ್ರಾವವನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಪಶು ಸಹಾಯವಾಣಿ 1962.

2. ಆಕ್ಸಿಟೋಸಿನ್

ಹಸು ಸೊರ ಬಿಡುವುದಿಲ್ಲವೆಂಬ ಕಾರಣಕ್ಕೆ ಹಾಲು ಕರೆಯುವ ಮುನ್ನ ಆಕ್ಸಿಟೋಸಿನ್ ಚುಚ್ಚುವ ರೂಢಿ ಕೆಲವೆಡೆ ಇದೆ. ಇದು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಔಷಧಿ. ಹಾಲು ಹೆಚ್ಚಿಸಲು ಹಸುವಿಗೆ ಹಾನಿಕರ ಪದಾರ್ಥ ಚುಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 12ನೇ ಕಲಮಿನ ಪ್ರಕಾರ ಶಿಕ್ಷಾರ್ಹ ಅಪರಾಧ. ಮನುಷ್ಯರು ಇದನ್ನು ಬಾಯಿಯಿಂದ ನುಂಗಿದರೆ ಜಠರದಲ್ಲಿಯೇ ನಾಶವಾಗುತ್ತದೆ. ಆದರೆ ದಿನಕ್ಕೆರಡು ಬಾರಿ ಸಿರಿಂಜು ಹಿಡಿಯುವ ಕೈಗೆ ಸೂಜಿ ಚುಚ್ಚುವ ಸಂಭವ ಸದಾ ಇರುತ್ತದೆ. ರಕ್ತದಲ್ಲಿ ಇದರ ಪ್ರಭಾವ ಬಹುಬೇಗ ಕಳೆಯುವುದಾದರೂ ಗರ್ಭಿಣಿಯಲ್ಲಿ ಗರ್ಭಕೋಶದ ಸಂಕೋಚನ ಉಂಟಾಗಬಹುದು. ಆದ್ದರಿಂದ ವೈದ್ಯರ ತಪಾಸಣೆ ಅವಶ್ಯ. ಕರುವನ್ನು ಮೊದಲು ಬಿಡುವುದು, ಕೆಚ್ಚಲನ್ನು ಬೆಚ್ಚಗಿನ ನೀರಿನಿಂದ ತೊಳೆದು ಮೃದುವಾಗಿ ಒತ್ತುವುದು, ಪ್ರತಿದಿನ ಅದೇ ಸಮಯಕ್ಕೆ ಗದ್ದಲವಿಲ್ಲದೆ ಕರೆಯುವುದು, ಇವೇ ಹಸುವಿನ ದೇಹದಲ್ಲಿ ಆಕ್ಸಿಟೋಸಿನ್ ಸ್ರವಿಸುವಂತೆ ಮಾಡುವ ಸಹಜ ಮಾರ್ಗಗಳು.

3. ಪ್ರೊಜೆಸ್ಟಿರಾನ್ ಸಾಧನಗಳು

ಬೆದೆ ಹೊಂದಾಣಿಕೆಗಾಗಿ ಹಸುವಿನ ಯೋನಿಯಲ್ಲಿ ಇರಿಸುವ ಸಾಧನದಲ್ಲಿ ಪ್ರೊಜೆಸ್ಟಿರಾನ್ ಇರುತ್ತದೆ. ಹೊರತೆಗೆದ ನಂತರವೂ ಅದರಲ್ಲಿ ಔಷಧಿಯ ಅಂಶ ಉಳಿದಿರುತ್ತದೆ. ಕೈಗವಸಿಲ್ಲದೆ ಮುಟ್ಟಬಾರದು, ತಿಪ್ಪೆಗೆ ಎಸೆಯಬಾರದು, ನಾಯಿ ಅಥವಾ ಮಕ್ಕಳಿಗೆ ಸಿಗುವಂತೆ ಬಿಡಬಾರದು.

ಬೆಳೆ ಚೋದಕಗಳ ಬಗ್ಗೆ ಒಂದು ಸ್ಪಷ್ಟನೆ

ಅಂಗಡಿಗಳಲ್ಲಿ ‘ಹಾರ್ಮೋನು’ ಎಂದೇ ಮಾರುವ ಎನ್‌ಎಎ, ಜಿಬ್ಬರೆಲಿಕ್ ಆಮ್ಲ, ಎಥೆಫಾನ್ ಮತ್ತು ಹಾರ್ಮೋನು ಮಾದರಿಯ ಕಳೆನಾಶಕವಾದ 2,4-ಡಿ ಇವು ಸಸ್ಯಗಳ ಮೇಲೆ ಕೆಲಸ ಮಾಡುವಂಥವು. ಇವು ಮನುಷ್ಯರ ಹಾರ್ಮೋನುಗಳಲ್ಲ. ಹಾಗೆಂದು ನಿರುಪದ್ರವಿಗಳೂ ಅಲ್ಲ. ಎಥೆಫಾನ್ ದ್ರಾವಣ ಆಮ್ಲಗುಣದ್ದು, ಕಣ್ಣು ಮತ್ತು ಬಾಯಿಯನ್ನು ಸುಡುತ್ತದೆ. 2,4-ಡಿ ನುಂಗಿದರೆ ಸ್ನಾಯು ಮತ್ತು ಮೂತ್ರಪಿಂಡಗಳಿಗೆ ಹಾನಿಯಾಗಬಹುದು, ಅದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಆಸ್ಪತ್ರೆಯಲ್ಲಿ ‘ಹಾರ್ಮೋನು ಕುಡಿದಿದ್ದಾರೆ’ ಎಂದಷ್ಟೇ ಹೇಳಿದರೆ ಚಿಕಿತ್ಸೆ ದಾರಿ ತಪ್ಪುತ್ತದೆ. ಡಬ್ಬಿಯನ್ನೇ ಒಯ್ದು ತೋರಿಸಿ.

ಪ್ರಥಮ ಚಿಕಿತ್ಸೆ: ಮಾಡಬೇಕಾದದ್ದು, ಮಾಡಬಾರದ್ದು

1. ಬಾಯಲ್ಲಿ ಉಳಿದ ಮಾತ್ರೆಗಳನ್ನು ಬೆರಳಿನಿಂದ ತೆಗೆದು, ಬಾಯಿ ಮುಕ್ಕಳಿಸಿ.
2. ವಾಂತಿ ಮಾಡಿಸಬೇಡಿ. ಉಪ್ಪು ನೀರು, ಸಾಬೂನು ನೀರು, ಸಗಣಿ ನೀರು ಕುಡಿಸುವುದು ಅಪಾಯಕರ. ಉಪ್ಪು ನೀರಿನಿಂದ ಮಗುವಿನ ರಕ್ತದಲ್ಲಿ ಉಪ್ಪಿನಂಶ ಏರಿ ಸೆಳವು ಬರಬಹುದು. ವಾಂತಿ ಶ್ವಾಸಕೋಶಕ್ಕೆ ಇಳಿಯಲೂಬಹುದು.
3. ಪ್ರಜ್ಞೆ ತಪ್ಪಿದವರನ್ನು ಎಡಮಗ್ಗುಲಿಗೆ ಮಲಗಿಸಿ, ಉಸಿರಾಟ ಗಮನಿಸುತ್ತಿರಿ.
4. ಕಣ್ಣಿಗೆ ಬಿದ್ದರೆ ಶುದ್ಧ ನೀರಿನಿಂದ ಹದಿನೈದು ನಿಮಿಷ ತೊಳೆಯಿರಿ.
5. ಸೂಜಿ ಚುಚ್ಚಿದರೆ ಗಾಯವನ್ನು ಹಿಂಡಬೇಡಿ, ಬಾಯಿಯಿಂದ ಹೀರಬೇಡಿ. ಸಾಬೂನು ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ.
6. ತುರ್ತು ವಾಹನಕ್ಕೆ 108. ನವದೆಹಲಿಯ ಏಮ್ಸ್ ಸಂಸ್ಥೆಯಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ಸಂಖ್ಯೆ 1800 116 117. ನಿಮ್ಮ ಊರಿನ ವೈದ್ಯರೂ ಇಲ್ಲಿಂದ ಸಲಹೆ ಪಡೆಯಬಹುದು.

ಆಸ್ಪತ್ರೆಗೆ ಹೋಗುವಾಗ ಔಷಧಿಯ ಸೀಸೆ ಅಥವಾ ಹಾಳೆ, ಉಳಿದ ಮಾತ್ರೆಗಳು ಮತ್ತು ವೈದ್ಯರ ಚೀಟಿಯನ್ನು ಜೊತೆಗೆ ಒಯ್ಯಿರಿ. ಎಷ್ಟು ಮಾತ್ರೆ ಕಾಣೆಯಾಗಿವೆ, ಎಷ್ಟು ಗಂಟೆಗೆ ನುಂಗಿದ್ದು, ಮಗುವಿನ ತೂಕವೆಷ್ಟು ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಇಬ್ಬರು ಮಕ್ಕಳು ಜೊತೆಯಲ್ಲಿ ಆಡುತ್ತಿದ್ದರೆ ಇಬ್ಬರನ್ನೂ ಕರೆದೊಯ್ಯಿರಿ. ಕಾಣೆಯಾದ ಮಾತ್ರೆಗಳೆಲ್ಲವೂ ಒಂದೇ ಮಗುವಿನ ಹೊಟ್ಟೆ ಸೇರಿವೆಯೆಂಬ ಖಾತ್ರಿಯಿಲ್ಲ.

ಮನೆಗೆ ಮರಳಿದ ನಂತರದ ನಿಗಾ

ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಯಾವ ಲಕ್ಷಣಗಳನ್ನು ಗಮನಿಸಬೇಕು, ಎಷ್ಟು ದಿನ ಗಮನಿಸಬೇಕು, ಮತ್ತೆ ಯಾವಾಗ ಬರಬೇಕು? ಸಾಮಾನ್ಯ ಮಾರ್ಗದರ್ಶನಕ್ಕಾಗಿ ಈ ಕೆಳಗಿನ ವಿವರ ಉಪಯುಕ್ತ.

- ಇನ್ಸುಲಿನ್ ಮತ್ತು ಸಕ್ಕರೆ ಮಾತ್ರೆ: ಮೊದಲ ಒಂದರಿಂದ ಮೂರು ದಿನ. ಹೊತ್ತುಹೊತ್ತಿಗೆ ಊಟ, ರಾತ್ರಿಯೂ ಎಬ್ಬಿಸಿ ಮಾತನಾಡಿಸುವುದು, ವೈದ್ಯರು ಹೇಳಿದಂತೆ ಸಕ್ಕರೆ ಪರೀಕ್ಷೆ. ಮಂಕು ಅಥವಾ ಬೆವರು ಕಂಡರೆ ಮತ್ತೆ ಆಸ್ಪತ್ರೆ.
- ಥೈರಾಯಿಡ್ ಮಾತ್ರೆ: ಹತ್ತು ದಿನ. ಪ್ರತಿದಿನ ಮೈಬಿಸಿ, ನಿದ್ರೆ, ಮಲವಿಸರ್ಜನೆ ಗಮನಿಸಿ ಬರೆದಿಡಿ. ಈ ಅವಧಿಯಲ್ಲಿ ಜ್ವರಕ್ಕಾಗಿ ಯಾವುದೇ ವೈದ್ಯರನ್ನು ಕಂಡರೂ ಮಾತ್ರೆ ನುಂಗಿದ ವಿಷಯವನ್ನು ಮೊದಲು ಹೇಳಿ.
- ಕಬ್ಬಿಣದ ಮಾತ್ರೆ: ಮೊದಲ ಎರಡು ಮೂರು ದಿನ ಆಸ್ಪತ್ರೆಯ ಸಲಹೆಯಂತೆ. ನಂತರದ ವಾರಗಳಲ್ಲಿಯೂ ಪದೇ ಪದೇ ವಾಂತಿ ಕಂಡರೆ ತೋರಿಸಿ. ಜಠರದಲ್ಲಿ ಗಾಯ ಮಾದು ದಾರಿ ಕಿರಿದಾಗಿರುವ ಸಾಧ್ಯತೆಯಿದೆ.
- ಸ್ಟೀರಾಯ್ಡ್: ಹಲವು ತಿಂಗಳು. ಈ ಅವಧಿಯಲ್ಲಿ ಜ್ವರ, ಗಾಯ, ಶಸ್ತ್ರಚಿಕಿತ್ಸೆ ಎದುರಾದರೆ ಸ್ಟೀರಾಯ್ಡ್ ಪಡೆದಿದ್ದ ವಿಷಯವನ್ನು ಅಲ್ಲಿನ ವೈದ್ಯರಿಗೆ ತಿಳಿಸಲೇಬೇಕು.
- ಗರ್ಭಿಣಿಗೆ ಪಶು ಹಾರ್ಮೋನು ತಗುಲಿದ್ದರೆ: ವೈದ್ಯರು ಹೇಳಿದ ದಿನ ಮರುತಪಾಸಣೆ. ಆಶಾ ಕಾರ್ಯಕರ್ತೆಗೂ ತಿಳಿಸಿ ತಾಯಿ ಕಾರ್ಡಿನಲ್ಲಿ ದಾಖಲಿಸಿ.

ಇನ್ನೆರಡು ಸಂಗತಿಗಳನ್ನು ಅನೇಕರು ಮರೆಯುತ್ತಾರೆ. ಮೊದಲನೆಯದು, ಮಗು ನುಂಗಿದ ಮಾತ್ರೆ ಮನೆಯಲ್ಲಿ ಯಾರಿಗೋ ಅವಶ್ಯವಾಗಿದ್ದ ಔಷಧಿ. ‘ಇನ್ನು ಈ ಮಾತ್ರೆಯ ಸಹವಾಸವೇ ಬೇಡ’ ಎಂದು ಅಜ್ಜಿ ತನ್ನ ಔಷಧಿಯನ್ನೇ ನಿಲ್ಲಿಸಿದರೆ ಒಂದು ಅಪಾಯದ ಬದಲು ಇನ್ನೊಂದನ್ನು ಬರಮಾಡಿಕೊಂಡಂತೆ. ಆಕೆಗೆ ಹೊಸ ಸೀಸೆ ತಂದುಕೊಡಿ. ಎರಡನೆಯದು, ಮನೆಯವರ ಮೇಲೆ ಹೊರಿಸುವ ದೂರು. ಬೈಗುಳಕ್ಕೆ ಹೆದರಿದ ಹಿರಿಯರು ಎಷ್ಟು ಮಾತ್ರೆಯಿತ್ತೆಂಬ ಸತ್ಯವನ್ನು ಮರೆಮಾಚಬಹುದು, ಆ ಮಾಹಿತಿಯೇ ಚಿಕಿತ್ಸೆಗೆ ಆಧಾರ. ವಯಸ್ಕರು ಬಹಳ ಮಾತ್ರೆ ಸೇವಿಸಿದ್ದು ಆಕಸ್ಮಿಕವಲ್ಲವೆಂಬ ಸಂದೇಹವಿದ್ದರೆ ಅದನ್ನೂ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಮಾನಸಿಕ ನೆರವಿಗೆ ಟೆಲಿ ಮಾನಸ್ ಸಹಾಯವಾಣಿ 14416 ದಿನದ ಎಲ್ಲ ಹೊತ್ತಿನಲ್ಲಿಯೂ ಲಭ್ಯ.

ಮುಂಜಾಗ್ರತೆ ಮತ್ತು ವಿಲೇವಾರಿ

- ಮನುಷ್ಯರ ಔಷಧಿ ಮತ್ತು ಜಾನುವಾರುಗಳ ಔಷಧಿಯನ್ನು ಒಂದೇ ಗೂಡಿನಲ್ಲಿ, ಒಂದೇ ಫ್ರಿಜ್ ಬಾಗಿಲಿನಲ್ಲಿ ಇಡಬೇಡಿ. ಜಾನುವಾರು ಔಷಧಿಗೆ ಬೀಗವಿರುವ ಪ್ರತ್ಯೇಕ ಡಬ್ಬಿಯಿರಲಿ. ಫ್ರಿಜ್‌ನಲ್ಲಿ ಇಡಲೇಬೇಕಾದ ಇನ್ಸುಲಿನ್ ಅನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಮೇಲಿನ ಅಂಕಣದಲ್ಲಿಡಿ.
- ಮಾತ್ರೆಗಳನ್ನು ಮೂಲ ಸೀಸೆಯಿಂದ ಮಿಠಾಯಿ ಡಬ್ಬಿಗೆ ಅಥವಾ ಕಾಗದದ ಪೊಟ್ಟಣಕ್ಕೆ ಬದಲಿಸಬೇಡಿ. ಮಕ್ಕಳಿಗೆ ಔಷಧಿ ಕೊಡುವಾಗ ‘ಮಿಠಾಯಿ’ ಎನ್ನಬೇಡಿ.
- ಕಣ್ಣು ಮಂಜಾಗಿರುವ ಹಿರಿಯರಿಗೆ ವಾರದ ಏಳು ಮನೆಗಳಿರುವ ಮಾತ್ರೆ ಡಬ್ಬಿ ಉಪಯುಕ್ತ. ಒಂದೇ ದಿನ ಎರಡು ಬಾರಿ ಸೇವಿಸುವ ತಪ್ಪು ಇದರಿಂದ ತಪ್ಪುತ್ತದೆ. ಆದರೆ ಇದು ಸುಲಭವಾಗಿ ತೆರೆಯುವ ಡಬ್ಬಿಯಾದ್ದರಿಂದ ಮಕ್ಕಳಿಗೆ ಎಟುಕದಿರಲಿ.
- ಪಶುವೈದ್ಯರು ಬಳಸಿ ಉಳಿದ ಹಾರ್ಮೋನು ಸೀಸೆಯನ್ನು ಮುಂದಿನ ಬಾರಿಗೆಂದು ಇಟ್ಟುಕೊಳ್ಳಬೇಡಿ, ಅವರಿಗೇ ಹಿಂದಿರುಗಿಸಿ. ಸೂಜಿಗಳನ್ನು ಚುಚ್ಚದಂತಹ ಗಟ್ಟಿ ಡಬ್ಬಿಯಲ್ಲಿ ಸಂಗ್ರಹಿಸಿ ಆಸ್ಪತ್ರೆಗೆ ಒಪ್ಪಿಸಿ.
- ಅವಧಿ ಮೀರಿದ ಹಾರ್ಮೋನು ಮಾತ್ರೆಗಳನ್ನು ಕೆರೆಗೆ, ಕೃಷಿಹೊಂಡಕ್ಕೆ, ತಿಪ್ಪೆಗೆ ಹಾಕಬೇಡಿ. ಕೆನಡಾದ ಪ್ರಾಯೋಗಿಕ ಸರೋವರವೊಂದರಲ್ಲಿ ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜನ್ ಅನ್ನು ಒಂದು ಲೀಟರ್ ನೀರಿಗೆ 5ರಿಂದ 6 ನ್ಯಾನೋಗ್ರಾಂ ಇರುವಂತೆ ಬೆರೆಸಿದಾಗ ಒಂದು ಜಾತಿಯ ಸಣ್ಣ ಮೀನು ಅಲ್ಲಿ ನಿರ್ನಾಮವಾಗುವ ಹಂತ ತಲುಪಿದ್ದನ್ನು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮೀನು ಸಾಕಣೆ ಮಾಡುವ ರೈತರು ಇದನ್ನು ವಿಶೇಷವಾಗಿ ಗಮನಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಕೀಟನಾಶಕ ಸುರಕ್ಷತೆಯ ತರಬೇತಿಗಳಲ್ಲಿ ಹಾರ್ಮೋನು ಔಷಧಿಗಳಿಗೂ ಹತ್ತು ನಿಮಿಷ ಮೀಸಲಿಡಿ. ಮಹಿಳಾ ಹಾಲು ಉತ್ಪಾದಕರ ಸಭೆಗಳಲ್ಲಿ ಕ್ಲೋಪ್ರೊಸ್ಟಿನಾಲ್ ಮತ್ತು ಗರ್ಭಿಣಿಯರ ವಿಷಯವನ್ನು ತಪ್ಪದೆ ಹೇಳಿ. ಸಿಂಪಡಣೆಯ ಪ್ರಾತ್ಯಕ್ಷಿಕೆ ಏರ್ಪಡಿಸುವಾಗ ಭಾಗವಹಿಸುವವರಲ್ಲಿ ಇನ್ಸುಲಿನ್ ಪಡೆಯುವವರಿದ್ದಾರೆಯೇ, ಊಟ ಮಾಡಿದ್ದಾರೆಯೇ ಎಂದು ವಿಚಾರಿಸಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಗ್ಲೂಕೋಸ್ ಪೊಟ್ಟಣವೊಂದಿರಲಿ. ನಿಮ್ಮ ವ್ಯಾಪ್ತಿಯಲ್ಲಿ ಅವಘಡ ನಡೆದರೆ ಮೂರನೆಯ ದಿನ ಮತ್ತು ಹತ್ತನೆಯ ದಿನ ಆ ಮನೆಗೆ ಒಮ್ಮೆ ಕರೆ ಮಾಡಿ ವಿಚಾರಿಸಿ. ಎಷ್ಟೋ ವೇಳೆ ಆ ಒಂದು ಕರೆಯೇ ಮರೆತ ಮರುತಪಾಸಣೆಯನ್ನು ನೆನಪಿಸುತ್ತದೆ.

ಬಿತ್ತಿದ ಮರುದಿನವೇ ಹೊಲಕ್ಕೆ ಹೋಗಿ ಮೊಳಕೆ ಕಾಣಲಿಲ್ಲವೆಂದು ಯಾವ ರೈತರೂ ಬೀಜ ಸತ್ತಿತೆಂದು ತೀರ್ಮಾನಿಸುವುದಿಲ್ಲ. ಒಂದು ವಾರ ಕಾದು ನೋಡುತ್ತಾರೆ. ಹಾರ್ಮೋನು ದೇಹ ಸೇರಿದಾಗಲೂ ಅದೇ ತಾಳ್ಮೆಯ ನಿಗಾ ಬೇಕು. ಕೂಡಲೇ ವೈದ್ಯರ ಬಳಿ ಹೋಗಿ, ಅವರು ಹೇಳಿದ ಕೊನೆಯ ದಿನದವರೆಗೂ ಗಮನಿಸಿ.